ತೋರುಬೆರಳಿನ ಬಾಲದ ಹಾವು

(ಹಾವು ಸಾಕುವವರು, ಸಾಕಬೇಕೆಂದಿರುವವರು ಸೇರಿದ್ದ ಒಂದು ಸಂಜೆಯ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ನಡುನಡುವೆ ಬಂದ ಪ್ರಶ್ನೆಗಳನ್ನೂ ಅವುಗಳ ಉತ್ತರಗಳನ್ನೂ ಆಯಾ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಒಳಗೆ ಬರುವಾಗ ಹಲವರ ಕಣ್ಣು ನನ್ನ ಕೈಯಲ್ಲಿದ್ದ ಪೆಟ್ಟಿಗೆಯ ಮೇಲಿತ್ತು. ಅದರಲ್ಲಿ ಹಾವಿಲ್ಲ. ಇರುವುದು ಪೊರೆ, ಹೋದ ತಿಂಗಳು ನನ್ನ ಹಾವು ಕಳಚಿಟ್ಟದ್ದು. ಇಷ್ಟು ಬೆಳಕು, ಇಷ್ಟು ಜನರ ನಡುವೆ ಆ ಜೀವವನ್ನು ಕೈಯಿಂದ ಕೈಗೆ ದಾಟಿಸಲು ನನಗೆ ಮನಸ್ಸಾಗಲಿಲ್ಲ. ಬದುಕಿನ ಬಹುಪಾಲನ್ನು ಬಂಡೆಯ ಸಂದಿನಲ್ಲಿ ಕಳೆಯುವ ಪ್ರಾಣಿ ಅದು. ಪೊರೆಯನ್ನು ಮುಂದಿನ ಸಾಲಿನಿಂದ ಕಳುಹಿಸುತ್ತಿದ್ದೇನೆ. ಮೆಲ್ಲಗೆ ಹಿಡಿದು ಬೆಳಕಿಗೆ ಒಡ್ಡಿ ನೋಡಿ. ಬೆನ್ನಿನ ಉದ್ದಕ್ಕೂ ಮಸುಕಾದ ಮೂರು ಗೆರೆಗಳು ಕಾಣಬೇಕು. ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಆ ಮೂರು ಗೆರೆಗಳ ಬಗ್ಗೆಯೇ.

ಹಾವಿನ ಹೆಸರು ರೋಸಿ ಬೋವಾ. ಬೋವಾ ಎಂದ ಕೂಡಲೇ ಮನಸ್ಸಿಗೆ ಬರುವುದು ಅನಕೊಂಡ, ಇಲ್ಲವೇ ಎರಡು ಮೂರು ಮೀಟರ್ ಬೆಳೆಯುವ ಬೋವಾ ಕನ್‌ಸ್ಟ್ರಿಕ್ಟರ್. ಆ ದೊಡ್ಡ ಮನೆತನದ ನೆರಳಿನಲ್ಲಿ ಈ ಚಿಕ್ಕದನ್ನು ಗಮನಿಸುವವರು ಕಡಿಮೆ. ಬೆಳೆದ ರೋಸಿ ಬೋವಾ ಸಾಮಾನ್ಯವಾಗಿ 60ರಿಂದ 90 ಸೆಂಟಿಮೀಟರ್ ಇರುತ್ತದೆ. ಒಂದು ಮೀಟರ್ ದಾಟುವುದು ಅಪರೂಪ. ವಿಷವಿಲ್ಲ. ಎರಡು ಅಂಗೈಗಳ ಬಟ್ಟಲಿನಲ್ಲಿ ಸುರುಳಿಯಾಗಿ ಕೂರುತ್ತದೆ. ಮೈ ತುಂಬಿದ ದುಂಡು ಮೈ, ಹುರುಪೆಗಳು ನುಣುಪು, ತಲೆಗೂ ಕುತ್ತಿಗೆಗೂ ಹೆಚ್ಚು ವ್ಯತ್ಯಾಸವಿಲ್ಲ, ಪುಟ್ಟ ಕಣ್ಣಿನಲ್ಲಿ ಬೆಕ್ಕಿನ ಕಣ್ಣಿನಂತೆ ನೆಟ್ಟಗೆ ನಿಂತ ಪಾಪೆ.

ಅಮೆರಿಕದ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಡ್ರಿಂಕರ್ ಕೋಪ್ 1861ರಲ್ಲಿ ಇದಕ್ಕೆ ಲಿಕನೂರಾ ಟ್ರಿವಿರ್ಗಾಟ ಎಂದು ಹೆಸರಿಟ್ಟ. ಮುಂದೆ ಓಥ್ನಿಯಲ್ ಮಾರ್ಷ್ ಎಂಬ ಎದುರಾಳಿ ವಿಜ್ಞಾನಿಯ ಜೊತೆ ಡೈನೊಸಾರ್ ಪಳೆಯುಳಿಕೆಗಳಿಗಾಗಿ ವರ್ಷಗಟ್ಟಲೆ ಸೆಣಸಿ ಹೆಸರಾದವನು ಅವನೇ. ಹಾವಿಗೆ ಹೆಸರಿಟ್ಟಾಗ ಅವನಿಗೆ ಇಪ್ಪತ್ತರ ಆಸುಪಾಸು. ಹೆಸರಿನ ಎರಡನೆಯ ಪದ ಲ್ಯಾಟಿನ್. ಮೂರು ಪಟ್ಟೆಯದು ಎಂದರ್ಥ. ಮೊದಲನೆಯದು ಗ್ರೀಕ್. ಲಿಕನೋಸ್ ಎಂದರೆ ತೋರುಬೆರಳು, ಊರಾ ಎಂದರೆ ಬಾಲ. ತೋರುಬೆರಳಿನಂಥ ಬಾಲದ ಹಾವು! ಹಾವಿಗೆ ಇದಕ್ಕಿಂತ ಒಪ್ಪುವ ಹೆಸರನ್ನು ನಾನು ಇನ್ನೂ ಕೇಳಿಲ್ಲ. ಹೆಚ್ಚಿನ ಹಾವುಗಳ ಬಾಲ ಸಣ್ಣಗಾಗುತ್ತ ಹೋಗಿ ದಾರದಂತೆ ಮುಗಿಯುತ್ತದೆ. ಇದರದ್ದು ಮೊಂಡು, ದುಂಡು. ಮಣ್ಣುಮುಕ್ಕ ಹಾವನ್ನು ಕಂಡವರಿಗೆ ಅಂಥ ಬಾಲದ ಪರಿಚಯವಿರುತ್ತದೆ. ‘ರೋಸಿ’ ಎಂಬುದು ಬಂದದ್ದು ಕೆಲವು ಕಡೆಯ ಹಾವುಗಳ ಹೊಟ್ಟೆಯ ಮೇಲಿನ ತೆಳು ಗುಲಾಬಿ ಬಣ್ಣದಿಂದ. ಎಲ್ಲ ರೋಸಿ ಬೋವಾಗಳ ಹೊಟ್ಟೆಯೂ ಗುಲಾಬಿಯಲ್ಲ.

ಆ ಬಾಲ ಸುಮ್ಮನೆ ಹಾಗಿಲ್ಲ. ಕಾಡಿನಲ್ಲಿ ಈ ಹಾವಿನ ಮುಖ್ಯ ಆಹಾರ ಸಣ್ಣ ಇಲಿಗಳು, ಅದರಲ್ಲೂ ಗೂಡಿನಲ್ಲಿರುವ ಮರಿಗಳು. ಬಿಲದೊಳಗೆ ನುಗ್ಗಿ ಮರಿಗಳನ್ನು ತಿನ್ನುವಾಗ ತಾಯಿ ಇಲಿ ಸುಮ್ಮನಿರುವುದಿಲ್ಲ, ಕಚ್ಚುತ್ತದೆ. ಹಾವು ಬಾಲವನ್ನು ಎತ್ತಿ ಆ ಕಚ್ಚನ್ನು ಅದರ ಮೇಲೆ ತೆಗೆದುಕೊಳ್ಳುತ್ತದೆ. ತಲೆ ತನ್ನ ಕೆಲಸ ಮಾಡುತ್ತಿರುತ್ತದೆ. ಕಾಡಿನಲ್ಲಿ ಬೆಳೆದ ಹಾವುಗಳ ಬಾಲದ ತುದಿಯಲ್ಲಿ ಹಳೆಯ ಗಾಯದ ಕಲೆಗಳಿರುವುದು ಇದರಿಂದಲೇ. ಇದರ ಹತ್ತಿರದ ಬಂಧು ರಬ್ಬರ್ ಬೋವಾ, ಉತ್ತರಕ್ಕೆ ಕೆನಡಾದ ಬ್ರಿಟಿಷ್ ಕೊಲಂಬಿಯಾದವರೆಗೂ ತಂಪು ಕಾಡುಗಳಲ್ಲಿ ಇರುವಂಥದ್ದು, ಅದೂ ಹೀಗೆಯೇ ಮಾಡುತ್ತದೆ. ಬೆದರಿದಾಗಲೂ ಅಷ್ಟೇ. ಮೈಯನ್ನು ಉಂಡೆ ಮಾಡಿ, ತಲೆಯನ್ನು ನಡುವೆ ಅಡಗಿಸಿ, ಬಾಲವನ್ನು ಹೊರಗೆ ಇಟ್ಟುಕೊಳ್ಳುತ್ತದೆ. ಅದೂ ಸಾಲದಿದ್ದರೆ ಬಾಲದ ಬುಡದಿಂದ ಕೆಟ್ಟ ವಾಸನೆಯ ದ್ರವ ಬಿಡುತ್ತದೆ. ತನ್ನನ್ನು ಹಿಡಿದವರನ್ನು ಕಚ್ಚಬೇಕೆಂಬ ಯೋಚನೆ ಅದಕ್ಕೆ ಬಹಳ ತಡವಾಗಿ ಬರುತ್ತದೆ, ಹೆಚ್ಚಿನವಕ್ಕೆ ಬರುವುದೇ ಇಲ್ಲ.

ಈಗ ಗೆರೆಗಳಿಗೆ ಬರುತ್ತೇನೆ.

ಈ ಹಾವಿನ ನಾಡು ಅಮೆರಿಕದ ನೈಋತ್ಯ ಮೂಲೆ: ದಕ್ಷಿಣ ಕ್ಯಾಲಿಫೋರ್ನಿಯಾ, ಪಶ್ಚಿಮ ಮತ್ತು ದಕ್ಷಿಣ ಅರಿಜೋನಾ, ಅಲ್ಲಿಂದ ಕೆಳಗೆ ಮೆಕ್ಸಿಕೋದ ಸೊನೋರಾ, ಮತ್ತೆ ಸಮುದ್ರದೊಳಕ್ಕೆ ಚಾಚಿಕೊಂಡ ಬಾಹಾ ಕ್ಯಾಲಿಫೋರ್ನಿಯಾ ಪರ್ಯಾಯದ್ವೀಪ. ಭೂಪಟದಲ್ಲಿ ಒಂದೇ ಬಣ್ಣ ಬಳಿದರೆ ಅದು ಅಖಂಡ ನಾಡಿನಂತೆ ಕಾಣುತ್ತದೆ. ನೆಲದ ಮೇಲೆ ಹಾಗಿಲ್ಲ. ಈ ಹಾವಿಗೆ ಬೇಕಾದದ್ದು ಬಂಡೆ, ಅದರಲ್ಲೂ ಬಿರುಕು ಬಿಟ್ಟ, ಪದರ ಎದ್ದ ಬಂಡೆ. ಅಂಥ ಒಂದು ಬೆಟ್ಟಸಾಲಿಗೂ ಇನ್ನೊಂದಕ್ಕೂ ನಡುವೆ ಬಟಾಬಯಲು ಮರುಭೂಮಿ ಮೈಲುಗಟ್ಟಲೆ ಇರುತ್ತದೆ. ರೋಸಿ ಬೋವಾ ಹಾವುಗಳಲ್ಲೇ ಬಹಳ ನಿಧಾನದ್ದು. ಮನುಷ್ಯ ಆರಾಮವಾಗಿ ಅಡ್ಡಾಡುವ ವೇಗವೂ ಅದಕ್ಕಿಲ್ಲ. ಬಯಲು ದಾಟಿ ಪಕ್ಕದ ಬೆಟ್ಟಕ್ಕೆ ಹೋಗಿ ಬರುವ ಪ್ರಾಣಿ ಅದಲ್ಲ. ಹೀಗೆ ಒಂದೊಂದು ಬೆಟ್ಟಸಾಲಿನ ಹಾವುಗಳು ತಮ್ಮ ಪಾಡಿಗೆ ತಾವು, ತಲೆಮಾರುಗಳ ಕಾಲ, ತಮ್ಮದೇ ಬಣ್ಣ ಕಟ್ಟಿಕೊಂಡಿವೆ.

ಕ್ಯಾಲಿಫೋರ್ನಿಯಾದ ಕರಾವಳಿ ಕಡೆಯದಕ್ಕೆ ಬೂದು ಮೈ. ಗೆರೆಗಳ ಅಂಚು ಕದಡಿ, ಬಣ್ಣದ ಚುಕ್ಕಿಗಳು ಅತ್ತಿತ್ತ ಸಿಡಿದಂತಿರುತ್ತವೆ. ಕೆಲವಲ್ಲಿ ಗೆರೆ ಗುರುತಿಸುವುದೇ ಕಷ್ಟ. ಬಾಹಾದ ನಡುಭಾಗದ್ದು ಬೇರೆಯೇ: ತಿಳಿ ಬೂದಿನ ಮೇಲೆ ಕಿತ್ತಳೆ ಅಥವಾ ಇಟ್ಟಿಗೆ ಕೆಂಪಿನ ಗೆರೆ, ಅಂಚು ಅಳತೆಪಟ್ಟಿ ಹಿಡಿದು ಎಳೆದಂತೆ ಚೊಕ್ಕ. ಬಾಹಾದ ತೆಂಕಣ ತುದಿಗೂ ಸೊನೋರಾಕ್ಕೂ ಹೋದರೆ ಕೆನೆ ಬಣ್ಣದ ಮೇಲೆ ಕಡು ಕಂದು, ಹೆಚ್ಚುಕಡಿಮೆ ಕಪ್ಪು ಗೆರೆಗಳು. ಇದೆಲ್ಲ ನಡುವಿನ ನೂರಾರು ಬಗೆಗಳನ್ನು ಬಿಟ್ಟು ನಾನು ಹೇಳುತ್ತಿರುವ ಸ್ಥೂಲ ವಿಂಗಡಣೆ. ಪಳಗಿದ ಕಣ್ಣಿನವರು ಹಾವಿನ ಬೆನ್ನನ್ನು ನೋಡಿ ಇದು ಮೊರೊಂಗೊ ಕಣಿವೆಯದಿರಬೇಕು, ಇದು ಹುವಾಲಪೈ ಬೆಟ್ಟಗಳದ್ದಿರಬೇಕು ಎನ್ನುತ್ತಾರೆ.

ಆದ್ದರಿಂದಲೇ ಈ ಹಾವನ್ನು ಬಲ್ಲವರು ಇದನ್ನು ಊರಿನ ಹೆಸರಿನ ಜೊತೆಗೇ ಕರೆಯುವುದು. ಬೇರೆ ಸಾಕು ಹಾವುಗಳನ್ನು ಬಣ್ಣದ ತಳಿಯ ಹೆಸರಿನಿಂದ ಮಾರುತ್ತಾರೆ. ಬಾಲ್ ಪೈಥಾನ್‌ನಲ್ಲಿ ಅಂಥ ತಳಿಗಳ ಬೆರಕೆ ಸಾವಿರಗಳ ಲೆಕ್ಕದಲ್ಲಿವೆ. ರೋಸಿ ಬೋವಾದಲ್ಲೂ ಬಿಳಿಚು ತಳಿ, ಕೆಂಪಿಲ್ಲದ ತಳಿ ಎಂದು ಕೆಲವು ಇವೆ. ಆದರೆ ಇದನ್ನು ಪ್ರೀತಿಸುವವರು ಮೊದಲು ಕೇಳುವುದು, ‘ಯಾವ ಜಾಗದ್ದು?’ ಎಂದು. ಅಪ್ಪನೂ ಅಮ್ಮನೂ ಒಂದೇ ಬೆಟ್ಟದ ಮೂಲದವು ಎಂಬ ದಾಖಲೆಯನ್ನು ಮರಿಯ ಜೊತೆ ಕೊಡುತ್ತಾರೆ. ಆ ದಾಖಲೆ ಒಮ್ಮೆ ಕಳೆದರೆ ಮತ್ತೆ ಬರೆಯಲಾಗದು. ಎರಡು ಕಡೆಯವನ್ನು ಕೂಡಿಸಿದರೆ ಮರಿಯ ಬೆನ್ನಿನ ಮೇಲೆ ಯಾವ ಊರಿನದೂ ಅಲ್ಲದ ಗೆರೆ ಮೂಡುತ್ತದೆ. ಅದು ಆರೋಗ್ಯವಾಗಿಯೇ ಇರುತ್ತದೆ, ಚೆಂದವಾಗಿಯೂ ಇರಬಹುದು. ಆದರೂ ನನಗೆ ಅದು ನಷ್ಟವೇ. 2008ರಲ್ಲಿ ಪ್ರಕಟವಾದ ಒಂದು ತಳಿವಿಜ್ಞಾನದ ಅಧ್ಯಯನ ಬಾಹಾ ಮತ್ತು ಸುತ್ತಲಿನ ರೋಸಿ ಬೋವಾಗಳು ದೀರ್ಘಕಾಲ ಬೇರ್ಪಟ್ಟಿದ್ದ ಕವಲುಗಳೆಂದು ತೋರಿಸಿತು. ಈಗ ಹಲವರು ಉತ್ತರದವನ್ನು ಲಿಕನೂರಾ ಆರ್ಕಟಿ ಎಂಬ ಬೇರೆ ಪ್ರಭೇದವೆಂದೇ ಎಣಿಸುತ್ತಾರೆ. ಆ ಹೆಸರನ್ನು ಪ್ರಾಣಿಶಾಸ್ತ್ರಜ್ಞ ಸ್ಟೈನೆಗರ್ 1889ರಲ್ಲೇ ಕೊಟ್ಟಿದ್ದ. ಊರಿನ ಹೆಸರು ಉಳಿಸಿಕೊಂಡ ಸಾಕಣೆದಾರರು ಸುಮ್ಮನೆ ಹಟ ಹಿಡಿದವರಲ್ಲ ಎಂದು ನನಗೆ ಅನ್ನಿಸುವುದು ಇದಕ್ಕೆ.

ಇಲ್ಲೊಬ್ಬರು ಕೇಳಿದರು: ಅಷ್ಟು ಚೆಂದದ ಹಾವಾದರೆ ಎಲ್ಲರ ಮನೆಯಲ್ಲೂ ಯಾಕಿಲ್ಲ?

ಕಾರಣಗಳು ಹಲವು. ಇದು ನಿಧಾನ ಬೆಳೆಯುತ್ತದೆ. ಹೆಣ್ಣು ಪ್ರಾಯಕ್ಕೆ ಬರಲು ಸುಮಾರು ಮೂರು ವರ್ಷ ಬೇಕು. ಮೊಟ್ಟೆ ಇಡುವುದಿಲ್ಲ; ನಾಲ್ಕು ತಿಂಗಳಿಗಿಂತ ತುಸು ಹೆಚ್ಚು ಕಾಲ ಹೊಟ್ಟೆಯಲ್ಲಿ ಹೊತ್ತು ಮರಿ ಹಾಕುತ್ತದೆ, ಅದೂ ಸಾಮಾನ್ಯವಾಗಿ ಮೂರರಿಂದ ಎಂಟು. ಪ್ರತಿ ವರ್ಷ ಮರಿ ಹಾಕುತ್ತದೆಂಬ ಖಾತ್ರಿಯೂ ಇಲ್ಲ. ಹಾವಿನ ವ್ಯಾಪಾರವನ್ನೇ ನೆಚ್ಚಿದವರಿಗೆ ಇದು ಲಾಭದ ಬಾಬತ್ತಲ್ಲ. ಹೊಸಬರಿಗೆ ‘ಬೋವಾ’ ಎಂಬ ಹೆಸರೇ ಹೆದರಿಕೆ. ದೊಡ್ಡ ಹಾವು ಬೇಕೆನ್ನುವವರಿಗೆ ಇದು ತೀರ ಚಿಕ್ಕದು. ಇವೆಲ್ಲಕ್ಕಿಂತ ದೊಡ್ಡ ಕಾರಣ ಬೇರೆ. ಇದು ಕಾಣಿಸಿಕೊಳ್ಳುವುದಿಲ್ಲ. ದುಡ್ಡು ಕೊಟ್ಟು ತಂದು, ಗಾಜಿನ ಪೆಟ್ಟಿಗೆ ಸಿಂಗರಿಸಿ, ದೀಪ ಹಾಕಿ ಕೂತರೆ ಕಾಣುವುದು ಕಲ್ಲು ಮಾತ್ರ. ‘ಸಪ್ಪೆ ಹಾವು’ ಎನ್ನುವ ಮಾತು ಹುಟ್ಟಿರುವುದು ಹೀಗೆ ಕಾದು ಬೇಸತ್ತವರಿಂದ.

ನನಗೂ ಮೊದಲ ವರ್ಷ ಆ ಬೇಸರವಿತ್ತು. ಮರಿ ತಂದಾಗ ಅದು ನನ್ನ ಬೆರಳಿಗಿಂತ ತೆಳ್ಳಗೆ, ಒಂದು ಗೇಣಿಗಿಂತ ತುಸು ಉದ್ದ. ದೊಡ್ಡ ಮನೆ ಕೊಟ್ಟರೆ ಸುಖವಾಗಿರುತ್ತದೆ ಎಂದುಕೊಂಡು ವಿಶಾಲವಾದ ಪೆಟ್ಟಿಗೆಯಲ್ಲಿ ಬಿಟ್ಟೆ. ಅಡಗಲು ಒಂದು ಕಮಾನಿನಂಥ ಮರದ ತುಂಡಿಟ್ಟೆ. ಅದರ ಎರಡೂ ಬಾಯಿ ಅಗಲ. ಮರಿ ಐದು ವಾರ ಏನನ್ನೂ ತಿನ್ನಲಿಲ್ಲ. ದಿನಾ ಎತ್ತಿ ತೂಗುತ್ತಿದ್ದೆ, ದಿನಾ ಆಹಾರ ತೋರಿಸುತ್ತಿದ್ದೆ. ಹಳೆಯ ಸಾಕಣೆದಾರರೊಬ್ಬರು ಬಂದು ನೋಡಿ ಒಂದೇ ಮಾತು ಹೇಳಿದರು: ‘ಇದಕ್ಕೆ ಗೋಡೆ ಸಿಕ್ಕಿಲ್ಲ.’ ಚಪ್ಪಟೆ ಕಲ್ಲಿನ ಎರಡು ಹೆಂಚುಗಳ ನಡುವೆ ಪೆನ್ಸಿಲ್ ದಪ್ಪದ ಸಂದು ಬಿಟ್ಟು ಅಂಟಿಸಿ ಕೊಟ್ಟರು. ಚಿಕ್ಕ ಪೆಟ್ಟಿಗೆಗೆ ಮರಿಯನ್ನು ವರ್ಗಾಯಿಸಿ, ಎರಡು ವಾರ ಮುಟ್ಟಬೇಡಿ ಎಂದರು. ಮರಿ ಆ ಸಂದಿಗೆ ನುಸುಳಿ, ಬೆನ್ನು ಮೇಲಿನ ಕಲ್ಲಿಗೂ ಹೊಟ್ಟೆ ಕೆಳಗಿನ ಕಲ್ಲಿಗೂ ತಾಗುವಂತೆ ಸೇರಿಕೊಂಡಿತು. ಹದಿನಾರನೆಯ ದಿನ ಸಂಜೆ ಸಂದಿನ ಬಾಯಿಯಲ್ಲಿ ಮೂಗು ಕಂಡಿತು. ಇಕ್ಕುಳದಲ್ಲಿ ಹಿಡಿದ ಇಲಿ ಮರಿಯನ್ನು ಒಂದು ಕ್ಷಣ ನಾಲಿಗೆಯಿಂದ ನೋಡಿ, ಚಕ್ಕನೆ ಹಿಡಿದು ಒಳಗೆಳೆದುಕೊಂಡಿತು. ಅವತ್ತು ನಾನು ಪಟ್ಟ ಸಂತೋಷ ಇಂದಿಗೂ ನೆನಪಿದೆ.

ಆ ಅನುಭವದಿಂದ ನನ್ನ ಸಾಕಣೆಯ ಕ್ರಮವೇ ತಿರುಗಿತು. ಈ ಹಾವಿಗೆ ಮನೆ ಕಟ್ಟುವುದೆಂದರೆ ಸಂದುಗಳನ್ನು ಕಟ್ಟುವುದು. ಬೆಳೆದ ಹಾವಿಗೆ 90 ಸೆಂಟಿಮೀಟರ್ ಉದ್ದ, 45 ಅಗಲದ ಪೆಟ್ಟಿಗೆ ಕನಿಷ್ಠ. ದೊಡ್ಡದಾದಷ್ಟೂ ಒಳ್ಳೆಯದು, ಒಳಗೆ ಬಯಲು ಉಳಿಯದಿದ್ದರೆ. ಬಿಸಿ ಕಡೆ ಎರಡು, ತಂಪು ಕಡೆ ಎರಡು, ನಡುವೆ ಒಂದು ಬಿಗಿ ಅಡಗುದಾಣವಾದರೂ ಇರಲಿ. ಒಂದೇ ಇಟ್ಟರೆ ಹಾವು ಬಿಸಿಯನ್ನೋ ಅಡಗುವುದನ್ನೋ ಆರಿಸಿಕೊಳ್ಳಬೇಕಾಗುತ್ತದೆ; ಅದು ಯಾವಾಗಲೂ ಅಡಗುವುದನ್ನೇ ಆರಿಸುತ್ತದೆ, ಬಿಸಿ ಸಿಗದೆ ತಿಂದದ್ದು ಅರಗುವುದಿಲ್ಲ. ಕಲ್ಲುಗಳನ್ನು ತಳಕ್ಕೆ ಹರಡುವ ಹಾಸಿನ ಮೇಲೆ ಇಡಬೇಡಿ. ಪೆಟ್ಟಿಗೆಯ ತಳಕ್ಕೇ ಕೂರಿಸಿ, ಅಂಟಿಸಿ, ಆಮೇಲೆ ಹಾಸು ತುಂಬಿ. ಹಾವು ಕೆಳಗೆ ತೋಡುತ್ತದೆ. ಸಡಿಲ ಕಲ್ಲು ಕುಸಿದರೆ ಜೀವವೇ ಹೋಗುತ್ತದೆ. ಹಾಸಾಗಿ ಆಸ್ಪೆನ್ ಮರದ ಹೊಟ್ಟು ಸರಿಹೊಂದುತ್ತದೆ. ದೇವದಾರಿನಂಥ ಘಾಟು ಎಣ್ಣೆಯಿರುವ ಮರದ ಹೊಟ್ಟು ಬೇಡ, ಅದು ಉಸಿರಾಟಕ್ಕೆ ಕೆಡುಕು.

ಬಿಸಿ ಕಡೆ 30ರಿಂದ 32 ಡಿಗ್ರಿ ಸೆಲ್ಸಿಯಸ್, ತಂಪು ಕಡೆ 22ರಿಂದ 24. ರಾತ್ರಿ ಇನ್ನೂ ಸ್ವಲ್ಪ ಇಳಿದರೆ ತೊಂದರೆಯಿಲ್ಲ, ಮರುಭೂಮಿಯ ರಾತ್ರಿ ತಂಪೇ. ಬಿಸಿ ಕೊಡುವ ಸಾಧನ ಯಾವುದೇ ಇರಲಿ, ಥರ್ಮೋಸ್ಟಾಟ್ ಇಲ್ಲದೆ ಒಂದು ಗಂಟೆಯೂ ಓಡಿಸಬೇಡಿ. ಹೊಟ್ಟೆ ಸುಡುತ್ತಿದ್ದರೂ ಹಾವು ಸರಿಯದೆ ಮಲಗಿರುವುದುಂಟು. ಮುಚ್ಚಳಕ್ಕೆ ಚಿಲಕ ಬೇಕೇ ಬೇಕು. ನಿಧಾನ ಎಂದು ನಂಬಿ ಕೆಟ್ಟವರನ್ನು ಬಲ್ಲೆ: ಬಂಡೆಯ ಸಂದಿಗೆ ಮೂಗು ತುರುಕಿ ದಾರಿ ಮಾಡಿಕೊಳ್ಳುವುದೇ ಇದರ ಕಸುಬು.

ನೀರಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇನೆ, ಇಲ್ಲಿಯೇ ಹೆಚ್ಚು ಜನ ಎಡವುವುದರಿಂದ. ಹಾವಿನ ಮೇಲಿನ ಮಮತೆಯಿಂದ ದೊಡ್ಡ ತೊಟ್ಟಿ ಇಡುತ್ತೇವೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ನೀರು ಆವಿಯಾಗಿ ಹಾಸಿಗೆಲ್ಲ ತೇವ ಹಿಡಿಯುತ್ತದೆ. ಈ ಹಾವಿನ ಪುಪ್ಪುಸ ಒಣ ಗಾಳಿಗೆ ಒಗ್ಗಿದ್ದು. ನನ್ನದಕ್ಕೆ ಎರಡನೆಯ ವರ್ಷ ಉಸಿರಿನಲ್ಲಿ ಸಿಳ್ಳಿನಂಥ ಸದ್ದು ಬರತೊಡಗಿತು, ಬಾಯಂಚಿನಲ್ಲಿ ಗುಳ್ಳೆ ಕಂಡಿತು. ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಬಳಿ ಒಯ್ದೆ. ಚುಚ್ಚುಮದ್ದಿನ ಜೊತೆಗೆ ಅವರು ಕೊಟ್ಟ ಸಲಹೆ, ಬಟ್ಟಲು ಚಿಕ್ಕದು ಮಾಡಿ, ಗಾಳಿಕಿಂಡಿ ಹೆಚ್ಚಿಸಿ ಎಂಬುದು. ಅಂದಿನಿಂದ ತಂಪು ಮೂಲೆಯಲ್ಲಿ ಭಾರವಾದ ಪುಟ್ಟ ಬಟ್ಟಲು ಇದೆ, ಹಾವು ಉರುಳಿಸಲಾಗದಂಥದ್ದು, ಒಳಗೆ ಮಲಗಲಾಗದಂಥದ್ದು. ನೀರು ಯಾವಾಗಲೂ ತಾಜಾ. ಪೊರೆ ಬಿಡುವ ಮುನ್ನ ಕಣ್ಣು ಹಾಲಿನ ನೀಲಿಗೆ ತಿರುಗಿದಾಗ ಮಾತ್ರ ಒಂದು ಮುಚ್ಚಿದ ಡಬ್ಬಿಯಲ್ಲಿ ತೇವದ ಪಾಚಿ ಹಾಕಿ ಇಡುತ್ತೇನೆ. ಬೇಕಾದರೆ ಅಲ್ಲಿ ಹೋಗಿ ಮಲಗುತ್ತದೆ, ಬೇಡವಾದರೆ ಇಲ್ಲ. ಇಡೀ ಮನೆ ಒದ್ದೆಯಾಗುವುದಿಲ್ಲ.

ಊಟ ಸುಲಭ. ಮರಿಗೆ ಆಗ ತಾನೇ ಹುಟ್ಟಿದ ಸುಂಡಿಲಿ ಮರಿ, ವಾರಕ್ಕೊಮ್ಮೆ. ಬೆಳೆದದ್ದಕ್ಕೆ ಹತ್ತರಿಂದ ಹದಿನಾಲ್ಕು ದಿನಕ್ಕೊಮ್ಮೆ ಒಂದು ಇಲಿ. ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ಇಲಿ ದಪ್ಪವಿರಬಾರದು. ಹೆಪ್ಪುಗಟ್ಟಿಸಿ ಇಟ್ಟ ಇಲಿಯನ್ನು ಬಿಸಿನೀರಿನಲ್ಲಿ ಕರಗಿಸಿ ಇಕ್ಕುಳದಿಂದ ಕೊಡಬೇಕು. ಜೀವಂತ ಇಲಿ ಕಚ್ಚಿ ಗಾಯ ಮಾಡುತ್ತದೆ, ಆ ಇಲಿಗೂ ಅದು ಹಿಂಸೆ. ತಿಂದ ಮೇಲೆ ಎರಡು ದಿನ ಕೈ ಹಾಕಬೇಡಿ. ಈ ಹಾವಿಗೆ ಆಸೆ ಬಹಳ, ಕೊಟ್ಟಷ್ಟೂ ತಿನ್ನುತ್ತದೆ. ಹೀಗೆ ತಿನ್ನಿಸಿ ಬೊಜ್ಜು ಬೆಳೆಸಿದ ರೋಸಿ ಬೋವಾಗಳನ್ನು ನೋಡಿದರೆ ನನಗೆ ನೋವಾಗುತ್ತದೆ. ಅವು ನೋಡಲು ಗುಂಡಗೆ ಮುದ್ದಾಗಿರುತ್ತವೆ, ಆದರೆ ಬಾಲದ ಬುಡದಲ್ಲಿ ಕೊಬ್ಬಿನ ಉಬ್ಬು ಕಂಡರೆ ಅದರ ಆಯುಷ್ಯದಿಂದ ವರ್ಷಗಳನ್ನು ಕದ್ದಂತೆ.

ಕಚ್ಚುವುದಿಲ್ಲವೇ ಎಂದು ಒಬ್ಬ ಹುಡುಗಿ ಕೇಳಿದಳು. ಹೆದರಿ ಕಚ್ಚುವುದು ಅಪರೂಪ, ಹಸಿದು ತಪ್ಪು ತಿಳಿದು ಕಚ್ಚುವುದುಂಟು. ಇಲಿ ಮುಟ್ಟಿದ ಕೈಯನ್ನು ತೊಳೆಯದೆ ಪೆಟ್ಟಿಗೆಗೆ ಹಾಕಿದರೆ ಅದಕ್ಕೆ ಬೆರಳೂ ಇಲಿಯೇ. ಹಿಡಿದರೆ ಬಿಡದೆ ಸುತ್ತಿಕೊಳ್ಳುತ್ತದೆ. ಎಳೆಯಬೇಡಿ, ಹಲ್ಲು ಮುರಿಯುತ್ತದೆ. ತಣ್ಣೀರಿನ ಕೆಳಗೆ ಹಿಡಿಯಿರಿ, ಬಿಡುತ್ತದೆ. ಎತ್ತುವ ಮೊದಲು ಮೈಯನ್ನು ಒಂದು ಕಡ್ಡಿಯಿಂದ ಮೆಲ್ಲಗೆ ತಟ್ಟಿದರೆ ಇದು ಊಟದ ಹೊತ್ತಲ್ಲ ಎಂದು ಹಾವಿಗೆ ತಿಳಿಯುತ್ತದೆ. ಅಂದ ಹಾಗೆ, ಸುತ್ತಿ ಬಿಗಿಯುವ ಹಾವು ಬೇಟೆಯನ್ನು ಉಸಿರುಗಟ್ಟಿಸಿ ಕೊಲ್ಲುತ್ತದೆ ಎಂದು ಬಹುಕಾಲ ನಂಬಿದ್ದೆವು. 2015ರಲ್ಲಿ ಬೋವಾ ಕನ್‌ಸ್ಟ್ರಿಕ್ಟರ್ ಬಗ್ಗೆ ನಡೆದ ಪ್ರಯೋಗ, ಆ ಬಿಗಿತಕ್ಕೆ ಕೆಲವೇ ಕ್ಷಣಗಳಲ್ಲಿ ಇಲಿಯ ರಕ್ತ ಸಂಚಾರವೇ ನಿಲ್ಲುತ್ತದೆ ಎಂದು ತೋರಿಸಿತು. ಹಾವನ್ನು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದನ್ನು ಮಕ್ಕಳಿಗೆ ಕಡ್ಡಾಯ ಮಾಡಿ. ಸರೀಸೃಪಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು.

ರೋಗಗಳ ಪೈಕಿ ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ಬೋವಾ, ಹೆಬ್ಬಾವುಗಳ ಕುಲದಲ್ಲಿ ಐಬಿಡಿ (ಇನ್‌ಕ್ಲೂಷನ್ ಬಾಡಿ ಡಿಸೀಸ್) ಎಂಬ ವೈರಸ್ ಕಾಯಿಲೆ ಇದೆ, ಔಷಧವಿಲ್ಲ. ಅದು ಹಾವಿನ ಮೈಯ ಉಣ್ಣಿಗಳ ಮೂಲಕವೂ ಹರಡಬಹುದೆಂಬ ಶಂಕೆಯಿದೆ. ಮನೆಯಲ್ಲಿ ಈಗಾಗಲೇ ಹಾವಿದ್ದರೆ ಹೊಸದನ್ನು ಮೂರು ತಿಂಗಳು ಬೇರೆ ಕೋಣೆಯಲ್ಲಿ, ಬೇರೆ ಇಕ್ಕುಳ, ಬೇರೆ ಬಟ್ಟಲಿನೊಂದಿಗೆ ಇಡಿ. ಅಷ್ಟು ತಾಳ್ಮೆ ಇಲ್ಲದಿದ್ದರೆ ಎರಡನೆಯ ಹಾವು ತರಬೇಡಿ.

ಎಲ್ಲಿಂದ ತರಬೇಕು ಎಂಬುದಕ್ಕೆ ನನ್ನದು ಖಚಿತ ಉತ್ತರ: ಸಾಕಣೆಯಲ್ಲೇ ಹುಟ್ಟಿದ ಮರಿ, ಹುಟ್ಟಿದ ದಾಖಲೆಯೊಂದಿಗೆ. ಮೊದಲು ನೀವಿರುವ ಕಡೆಯ ಕಾನೂನು ಓದಿ. ಕೆಲವು ಕಡೆ ಪರವಾನಗಿ ಬೇಕು, ಕೆಲವು ಕಡೆ ಹಾವು ಸಾಕುವುದಕ್ಕೇ ನಿಷೇಧವಿದೆ. ಬೋವಾಗಳು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ, ಗಡಿ ದಾಟಿಸಲು ಅನುಮತಿ ಪತ್ರ ಬೇಕು. ಅದರ ತವರಿನಲ್ಲಿ ಕಾಡಿನಿಂದ ಹಿಡಿಯುವುದಕ್ಕೂ ಮಿತಿ, ನಿಯಮಗಳಿವೆ. ಆದರೆ ಕಾನೂನಿನ ಮಾತನ್ನು ಬದಿಗಿಟ್ಟೂ ನನಗೆ ಹೇಳಲಿಕ್ಕಿದೆ. ಆ ಬೆಟ್ಟಗಳಲ್ಲಿ ಗ್ರಾನೈಟ್ ಬಂಡೆಯ ಮೇಲ್ಪದರ ಬಿಸಿಲಿಗೂ ಚಳಿಗೂ ಸಿಕ್ಕಿ ಹಪ್ಪಳದಂತೆ ಏಳುತ್ತದೆ. ಆ ಹಪ್ಪಳದ ಅಡಿಯ ಸಂದೇ ಈ ಹಾವಿನ ಮನೆ. ಹಲ್ಲಿಗಳಿಗೂ ಚೇಳುಗಳಿಗೂ ಅದೇ ಮನೆ. ಹಾವು ಹಿಡಿಯಲು ಬಂದವರು ಸನಿಕೆ, ಹಾರೆ ಹಾಕಿ ಆ ಪದರಗಳನ್ನು ಎಬ್ಬಿಸಿ ಒಡೆದಿದ್ದಾರೆ. ಒಂದು ಹಾವು ಸಿಕ್ಕಿತು, ಚೀಲಕ್ಕೆ ಹೋಯಿತು. ಒಡೆದ ಪದರ ಮತ್ತೆ ಕೂಡುವುದಿಲ್ಲ. ಹೊಸದೊಂದು ಏಳಬೇಕಾದರೆ ಮನುಷ್ಯರ ಎಷ್ಟೋ ತಲೆಮಾರು ಕಳೆಯಬೇಕು. ಹಾವಿಗಾಗಿ ಹಾವಿನ ಮನೆಯನ್ನು ಒಡೆಯುವುದನ್ನು ಪ್ರೀತಿ ಎಂದು ನಾನು ಕರೆಯಲಾರೆ. ಈ ಪ್ರಭೇದ ಇಂದು ಅಳಿವಿನಂಚಿನಲ್ಲಿಲ್ಲ ನಿಜ. ಆದರೆ ನೆನಪಿಡಿ, ಒಂದು ಬೆಟ್ಟದ ಹಾವು ಹೋದರೆ ಪಕ್ಕದ ಬೆಟ್ಟದಿಂದ ಬಂದು ಅದನ್ನು ತುಂಬುವುದಕ್ಕೆ ನಡುವೆ ಬಯಲಿದೆ.

ಚಳಿಗಾಲದ ಬಗ್ಗೆ ಕೇಳಿದ್ದೀರಿ. ಕಾಡಿನಲ್ಲಿ ಇವು ಚಳಿಗಾಲವನ್ನು ಬಂಡೆಯ ಆಳದಲ್ಲಿ ಜಡವಾಗಿ ಕಳೆಯುತ್ತವೆ. ಮರಿ ಮಾಡಿಸುವವರು ಎರಡು ಮೂರು ತಿಂಗಳು 10ರಿಂದ 15 ಡಿಗ್ರಿಯ ತಂಪು ಕೊಡುತ್ತಾರೆ, ಅದಕ್ಕೂ ಮೊದಲು ಹೊಟ್ಟೆ ಪೂರ್ತಿ ಖಾಲಿಯಾಗಲು ಕೆಲವು ವಾರ ಉಪವಾಸ. ಒಂದೇ ಹಾವು ಇಟ್ಟುಕೊಂಡವರಿಗೆ ಇದು ಅನಿವಾರ್ಯವಲ್ಲ. ಆದರೆ ಗಂಡು ಹಾವು ವಸಂತದಲ್ಲಿ ಊಟ ಬಿಟ್ಟು ಪೆಟ್ಟಿಗೆಯ ಸುತ್ತ ತಿರುಗತೊಡಗಿದರೆ ಗಾಬರಿಯಾಗಬೇಡಿ. ಹೆಣ್ಣನ್ನು ಹುಡುಕುವ ಕಾಲ ಅದು. ಬಾಲದ ಬುಡದಲ್ಲಿ ಎರಡು ಕಡೆ ಪುಟ್ಟ ಮುಳ್ಳಿನಂಥ ಉಗುರು ಕಂಡರೆ ಅದು ಗಂಡು ಇರಬಹುದು. ಒಂದಾನೊಂದು ಕಾಲದಲ್ಲಿ ಹಾವುಗಳಿಗಿದ್ದ ಹಿಂಗಾಲಿನ ಉಳಿಕೆ ಅದು. ಆ ಮುಳ್ಳನ್ನು ಮೊದಲ ಸಲ ಬೆರಳಿನಿಂದ ಸವರಿದಾಗ ನನಗೆ ರೋಮಾಂಚನವಾಗಿತ್ತು.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಹಿರಿಯರದ್ದು: ‘ಎಷ್ಟು ವರ್ಷ ಬದುಕುತ್ತದೆ?’

ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ದಾಟುವುದು ಸಾಮಾನ್ಯ, ಮೂವತ್ತರ ಹತ್ತಿರ ಬದುಕಿದವೂ ಇವೆ. ಹಾಗಾಗಿ ಮರಿ ತರುವ ದಿನವೇ, ನನ್ನ ಕೈಲಾಗದ ಕಾಲಕ್ಕೆ ಇದನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಒಬ್ಬರನ್ನು ಕೇಳಿ ಒಪ್ಪಿಸಿಕೊಳ್ಳಿ. ನಾನು ನನ್ನ ತಂಗಿಯ ಮಗಳನ್ನು ಕೇಳಿದ್ದೇನೆ. ಹಾವಿನ ಮೂಲದ ದಾಖಲೆ, ಊಟದ ಪುಸ್ತಕ, ತೂಕದ ಪಟ್ಟಿ ಮೂರನ್ನೂ ಒಂದೇ ಕಡತದಲ್ಲಿ ಇಟ್ಟಿದ್ದೇನೆ, ಅದು ಎಲ್ಲಿದೆ ಎಂದು ಅವಳಿಗೆ ಗೊತ್ತು. ಪ್ರತಿ ರಜೆಗೂ ಬಂದಾಗ ಸಂಜೆ ಏಳರ ಹೊತ್ತಿಗೆ ದೀಪ ಕಡಿಮೆ ಮಾಡಿ ಪೆಟ್ಟಿಗೆಯ ಮುಂದೆ ಕೂರುತ್ತಾಳೆ. ಮೊದಲು ಸಂದಿನ ಬಾಯಿಯಲ್ಲಿ ನಾಲಿಗೆ ಕಾಣುತ್ತದೆ, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಮೂಗು, ಕಣ್ಣು, ಗೆರೆಗಳು ಶುರುವಾಗುವ ಜಾಗ. ಪೂರ್ತಿ ಹೊರಗೆ ಬರಲು ಕೆಲವೊಮ್ಮೆ ಅರ್ಧ ಗಂಟೆ. ಅವಳು ಕದಲುವುದಿಲ್ಲ.

ಪೊರೆ ಸುತ್ತು ಹಾಕಿ ನನ್ನ ಕೈಗೆ ಬಂದಿದೆ, ಹರಿಯದೆ ತಂದುಕೊಟ್ಟಿದ್ದಕ್ಕೆ ಧನ್ಯವಾದ. ಹೋಗುವ ಮುಂಚೆ ಇದನ್ನು ಓದುವ ಬಗೆ ತೋರಿಸುತ್ತೇನೆ. ಪೊರೆ ಹಾವಿಗಿಂತ ಉದ್ದವಿರುತ್ತದೆ, ಕಳಚುವಾಗ ಹಿಗ್ಗುವುದರಿಂದ. ಇದನ್ನು ಅಳೆದು ಹಾವಿನ ಉದ್ದ ಹೇಳಬೇಡಿ. ಒಂದೇ ತುಂಡಾಗಿ ಬಂದಿದ್ದರೆ ತೇವ ಸರಿಯಿದೆ. ಬಾಲದ ತುದಿ ನೋಡಿ, ಹಳೆಯ ಪೊರೆ ಅಲ್ಲಿ ಉಂಗುರದಂತೆ ಉಳಿದರೆ ರಕ್ತ ಓಡದೆ ತುದಿ ಸಾಯುತ್ತದೆ. ಆಮೇಲೆ ತಲೆಯ ಭಾಗವನ್ನು ಹೀಗೆ ಬೆಳಕಿಗೆ ಹಿಡಿಯಿರಿ. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲೆ ಒಂದು ಪಾರದರ್ಶಕ ಹುರುಪೆ ಇರುತ್ತದೆ. ಪ್ರತಿ ಸಲ ಅದೂ ಕಳಚಬೇಕು. ಎರಡು ಪುಟ್ಟ ಗಾಜಿನ ಬಟ್ಟಲುಗಳಂತೆ ಕಾಣುತ್ತಿವೆಯಲ್ಲ, ಇವೇ. ಎರಡೂ ಇವೆ.